ತುಂಡು ಕಟ್ಟಿಗೆಯ ಲೆಕ್ಕ

ಹನುಮಸಾಗರದ ಸುತ್ತಮುತ್ತ ಮಾಳಿಗೆ ಮನೆ ಇಳಿಸಿ ಆರ್‌ಸಿಸಿ ಹಾಕಿಸುವವರು ಹೆಚ್ಚುತ್ತಿದ್ದಾರೆ. ತೊಲೆ, ಕಂಬ, ಬಾಗಿಲುಗಳಿಗೆ ಗಿರಾಕಿ ಸಿಗುತ್ತಾರೆ. ಜಂತಿಯ ತುಂಡು, ಮುರಿದ ಚೌಕಟ್ಟು, ನಾಗೊಂದಿಯ ಹಲಗೆ ಮಾತ್ರ ಉಳಿದು ನೀರೊಲೆಗೆ ಹೋಗುತ್ತವೆ. ಆಮೇಲೆ ಕುಷ್ಟಗಿಗೋ ಇಳಕಲ್ಲಿಗೋ ಹೋಗಿ ಬಟ್ಟೆ ತೂಗುಹಾಕುವ ಸ್ಟ್ಯಾಂಡು, ಪ್ಲಾಸ್ಟಿಕ್ ಸ್ಟೂಲು ಕೊಂಡು ತರುತ್ತೇವೆ. ಸಿಮೆಂಟು, ಕಬ್ಬಿಣದ ಲೆಕ್ಕ ಪೈಸೆಪೈಸೆ ಬರೆಯುವವರೂ ಈ ಖರ್ಚನ್ನು ಬರೆಯುವುದಿಲ್ಲ.

ನಮ್ಮ ಮನೆಯ ಹಳೆ ಭಾಗ ಇಳಿಸಿದಾಗ ಉಳಿದ ತುಂಡುಗಳಲ್ಲಿ ಬೇವು, ಜಾಲಿ, ಒಂದಿಷ್ಟು ತೇಗವಿತ್ತು. ದಶಕಗಟ್ಟಲೆ ಸೂರಿನಡಿ ಒಣಗಿದ ಮರ ಸುಲಭಕ್ಕೆ ಬಾಗುವುದಿಲ್ಲ. ಹಸಿ ಹಲಗೆ ಕೊಂಡರೆ ಈ ಭರವಸೆ ಇಲ್ಲ. ಅಡುಗೆಮನೆಗೆ ನಾಗೊಂದಿ, ಕೂರಲು ಮಣೆ, ಪಡಸಾಲೆಗೆ ಗೂಟದ ಪಟ್ಟಿ ಅದರಲ್ಲೇ ಆದವು. ಪಟ್ಟಿಗೆ ಮೂರಡಿಯ ಬೇವಿನ ಹಲಗೆ, ಗೂಟಕ್ಕೆ ಗಟ್ಟಿ ಜಾಲಿ. ಆರು ಇಂಚಿಗೊಂದು ತೂತು. ಗೂಟದ ತುದಿ ತುಸು ಮೇಲೆ ನೋಡುವಂತೆ ತೂತನ್ನು ಓರೆಯಾಗಿ ಕೊರೆಯಬೇಕು, ಇಲ್ಲದಿದ್ದರೆ ಹಾಕಿದ ಅಂಗಿ ಜಾರುತ್ತದೆ. ಗೋಡೆಗೆ ಕೂರಿಸುವ ಸ್ಕ್ರೂ, ಪ್ಲಗ್ಗಿಗೆ ನೂರು ರೂಪಾಯಿಯೂ ಹಿಡಿಯಲಿಲ್ಲ.

ಉಳಿತಾಯದ ಗುಟ್ಟು ಕೆಲಸದ ಕ್ರಮದಲ್ಲಿದೆ. ಮೊಬೈಲಿನಲ್ಲಿ ಒಂದು ಡಿಸೈನು ನೋಡಿ ಅದಕ್ಕೆ ತಕ್ಕ ಮರ ಹುಡುಕಲು ಹೊರಟರೆ ಅರ್ಧ ಸಾಮಾನು ಅಂಗಡಿಯಿಂದಲೇ ಬರುತ್ತದೆ. ಮೊದಲು ತುಂಡುಗಳನ್ನು ಅಂಗಳದಲ್ಲಿ ಹರಡಿ, ಉದ್ದ ದಪ್ಪ ಅಳೆದು, ಇದರಲ್ಲಿ ಏನಾದೀತು ಎಂದು ನೋಡಬೇಕು. ಗೆದ್ದಲು ಹಿಡಿದದ್ದನ್ನು ಆಗಲೇ ಬೇರ್ಪಡಿಸಬೇಕು. "ಹಳೇ ಕಟ್ಟಿಗಿ ಅಂದ್ರ ಒಳಗ ಮೊಳಿ ಐತಿ ಅಂತನ ತಿಳೀರಿ" ಎಂದು ನಮ್ಮ ಬಡಿಗೇರರು ಹೇಳುತ್ತಾರೆ. ಅಯಸ್ಕಾಂತ ಆಡಿಸಿ ನೋಡಿದರೆ ಗರಗಸದ ಹಲ್ಲು ಉಳಿಯುತ್ತದೆ.

ಪ್ಲೈವುಡ್ಡಿನ ಚೂರುಗಳನ್ನಂತೂ ಒಲೆಗೆ ಹಾಕಲೇಬೇಡಿ. ಅದರ ಅಂಟಿನ ಹೊಗೆ ವಿಷ. ಯಂತ್ರಗಳ ಜೊತೆ ಹೊರದೇಶದಿಂದ ಬಂದ ಪೆಟ್ಟಿಗೆಯ ಹಲಗೆ ಸಿಕ್ಕರೆ ಮುದ್ರೆ ನೋಡಿ: ‘ಎಚ್‌ಟಿ’ ಇದ್ದರೆ ಶಾಖದಿಂದ ಸಂಸ್ಕರಿಸಿದ್ದು, ‘ಎಂಬಿ’ ಇದ್ದರೆ ಮೀಥೈಲ್ ಬ್ರೋಮೈಡ್ ವಿಷಾನಿಲ ಹಾಯಿಸಿದ್ದು. ಎರಡನೆಯದನ್ನು ಮನೆಯೊಳಗೆ ತರಬೇಡಿ.

ನಮ್ಮದೇ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಮರದ ಹೊಟ್ಟನ್ನೂ ಚೆಲ್ಲುವುದಿಲ್ಲ. ಸೆಣಬಿನ ಚೂರು, ಹುಣಸೆ ಬೀಜದ ಅಂಟಿನೊಡನೆ ಅದನ್ನು ಕಲಸಿ ‘ಕಿಟ್ಟ’ ಮಾಡಿ ಗೊಂಬೆಗಳ ಸಂದು ತುಂಬುತ್ತಾರೆ. ಅಂಥ ನೆಲದವರು ನಾವು ಒಳ್ಳೆಯ ಬೇವನ್ನು ಸುಟ್ಟು ಪ್ಲಾಸ್ಟಿಕ್ ಕೊಳ್ಳುವುದು ನನಗೆ ಸಂಕಟದ ವಿಷಯ.

ಒಂದೆರಡು ಸಾಮಾನಿಗಾಗಿ ಡ್ರಿಲ್, ಕಟರ್ ಕೊಂಡರೆ ಲಾಭ ಅಲ್ಲಿಗೇ ಮುಗಿಯಿತು. ಗರಗಸ, ಸುತ್ತಿಗೆ, ಉಜ್ಜುವ ಕಾಗದ ಮನೆಯಲ್ಲಿದ್ದರೆ ಸಾಕು. ರಂದಾ ಹೊಡೆಯುವುದು, ಸಂದು ಕೂಡಿಸುವುದು ಬಡಿಗೇರರ ಕೈಗೆ ಬಿಡಿ, ಕೂಲಿಯಲ್ಲಿ ಚೌಕಾಸಿ ಬೇಡ. ಮರ ಪುಕ್ಕಟೆ ಬಂದಿರುವಾಗ ಆ ದುಡ್ಡು ಊರಿನ ಕಸುಬಿಗೇ ಸೇರಲಿ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಿಗತನವೂ ಇದೆ: ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವು, ಶೇ 5ರ ಬಡ್ಡಿಗೆ ಮೊದಲ ಕಂತಿನಲ್ಲಿ 1 ಲಕ್ಷದವರೆಗೆ ಸಾಲ. ನಿಮ್ಮೂರ ಬಡಿಗೇರರು ಇನ್ನೂ ಹೆಸರು ನೋಂದಾಯಿಸಿಲ್ಲದಿದ್ದರೆ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಹಿಡಿದು ಸಾಮಾನ್ಯ ಸೇವಾ ಕೇಂದ್ರದಲ್ಲಿ ವಿಚಾರಿಸಲು ಹೇಳಿ.