ಕಾಲಿನಿಂದ ಮೇಲೇರುವ ನಿಶ್ಶಕ್ತಿ: ಕಾಯುತ್ತಾ ಕೂರಬೇಡಿ

ಹತ್ತು ದಿನದ ಹಿಂದೆ ಮನೆಯ ಮಗನಿಗೆ ಭೇದಿಯಾಗಿತ್ತು. ಎರಡು ದಿನದಲ್ಲಿ ವಾಸಿಯೂ ಆಯಿತು. ಈಗ ಬೆಳಿಗ್ಗೆ ಏಳುವಾಗ ಎರಡೂ ಪಾದಗಳಲ್ಲಿ ಜೋಮು. ನಡೆಯುವಾಗ ಚಪ್ಪಲಿ ಕಾಲಿನಿಂದ ಜಾರುತ್ತದೆ. ಮರುದಿನ ನೆಲದಿಂದ ಏಳಬೇಕಾದರೆ ಕೈ ಊರಬೇಕು. ಮೂರನೆಯ ದಿನ ಅನ್ನ ಕಲಸುವ ಕೈಯಲ್ಲೂ ಬಲವಿಲ್ಲ. ‘ಭೇದಿಯ ಸುಸ್ತು, ಗ್ಲೂಕೋಸ್ ಹಾಕಿಸಿ’ ಎನ್ನುತ್ತಾರೆ ಒಬ್ಬರು. ‘ಲಕ್ವ ಇರಬೇಕು, ಎಣ್ಣೆ ತಿಕ್ಕಿಸಿ’ ಎನ್ನುತ್ತಾರೆ ಮತ್ತೊಬ್ಬರು. ನಿಮ್ಮ ಮನೆಯಲ್ಲಿ ಹೀಗಾದರೆ ಈ ಎರಡೂ ಸಲಹೆಗಳಿಗೆ ಕಿವಿಗೊಡಬೇಡಿ. ಹೀಗೆ ಕಳೆಯುವ ಒಂದೊಂದು ದಿನವೂ ರೋಗಿಯ ಉಸಿರಿಗೆ ಕುತ್ತು ತರಬಹುದು.

ಇದು ಗಿಯಾನ್-ಬಾರೆ ಸಿಂಡ್ರೋಮ್, ಚಿಕ್ಕದಾಗಿ ಜಿಬಿಎಸ್, ಇರಬಹುದು. 1916ರಲ್ಲಿ ಫ್ರಾನ್ಸಿನ ವೈದ್ಯರಾದ ಗಿಯಾನ್, ಬಾರೆ ಮತ್ತು ಸ್ಟ್ರೋಲ್ ಇಬ್ಬರು ಸೈನಿಕರಲ್ಲಿ ಕಂಡ ಈ ಕಾಯಿಲೆಯನ್ನು ವಿವರಿಸಿದರು. ವರ್ಷಕ್ಕೆ ಲಕ್ಷ ಜನರಲ್ಲಿ ಒಬ್ಬರಿಗೋ ಇಬ್ಬರಿಗೋ ಬರುವ ಕಾಯಿಲೆಯಿದು. 2025ರ ಜನವರಿಯಲ್ಲಿ ಪುಣೆಯಲ್ಲಿ ಒಮ್ಮೆಲೇ ಹಲವರಿಗೆ ಬಂದಾಗ ಇದರ ಹೆಸರು ಪತ್ರಿಕೆಗಳಲ್ಲಿ ಕಾಣಿಸಿಕೊಂಡಿತು.

ಏನಾಗುತ್ತದೆ?

ಮಿದುಳು ಮತ್ತು ಬೆನ್ನುಹುರಿಯಿಂದ ಹೊರಟ ನರಗಳು ಕೈಕಾಲು, ಮುಖ, ಎದೆಯ ಸ್ನಾಯುಗಳಿಗೆ ಅಪ್ಪಣೆ ಒಯ್ಯುತ್ತವೆ. ವಿದ್ಯುತ್ ತಂತಿಗೆ ಇರುವಂತೆ ಈ ನರಗಳಿಗೂ ಮಯಲಿನ್ ಎಂಬ ಹೊದಿಕೆಯಿದೆ. ದೇಹಕ್ಕೆ ರೋಗಾಣು ಹೊಕ್ಕಾಗ ಅದನ್ನು ಕೊಲ್ಲಲು ರೋಗನಿರೋಧಕ ಶಕ್ತಿ ಸಜ್ಜಾಗುತ್ತದೆ. ಕೆಲವು ರೋಗಾಣುಗಳ ಮೈಮೇಲಿನ ಅಂಶಗಳು ನರದ ಅಂಶಗಳನ್ನೇ ಹೋಲುತ್ತವೆ. ಆಗ ನಮ್ಮದೇ ರಕ್ಷಣಾಪಡೆ ಶತ್ರುವೆಂದು ತಿಳಿದು ನರಗಳ ಮೇಲೆರಗುತ್ತದೆ. ಹೊದಿಕೆ ಕೆಟ್ಟರೆ ಅಪ್ಪಣೆ ಸ್ನಾಯುವಿಗೆ ಮುಟ್ಟುವುದಿಲ್ಲ. ಕೆಲವರಲ್ಲಿ ನರದ ಎಳೆಯೇ ಕೆಡುತ್ತದೆ. ಅಂಥವರ ಚೇತರಿಕೆ ನಿಧಾನ.

ಸುಮಾರು ಮೂರರಲ್ಲಿ ಎರಡು ಪಾಲು ರೋಗಿಗಳಿಗೆ ಹಿಂದಿನ ಆರು ವಾರಗಳಲ್ಲಿ ಭೇದಿ, ನೆಗಡಿ ಅಥವಾ ಜ್ವರ ಬಂದಿರುತ್ತದೆ. ಭೇದಿ ತರುವ ಕ್ಯಾಂಪಿಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಇದರಲ್ಲಿ ಮುಖ್ಯವಾದುದು. ಅರೆಬೆಂದ ಕೋಳಿಮಾಂಸ, ಕಲುಷಿತ ನೀರು ಇದರ ದಾರಿಗಳು. ಆದರೆ ಜಿಬಿಎಸ್ ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ. ರೋಗಿಯನ್ನು ಮುಟ್ಟಲು ಅಂಜಬೇಕಿಲ್ಲ.

ಗುರುತಿಸುವುದು ಹೇಗೆ?

ನಿಶ್ಶಕ್ತಿ ಸಾಮಾನ್ಯವಾಗಿ ಎರಡೂ ಕಾಲುಗಳಲ್ಲಿ ಆರಂಭವಾಗಿ, ದಿನಗಳಲ್ಲಿ, ಕೆಲವೊಮ್ಮೆ ಗಂಟೆಗಳಲ್ಲೇ ಮೇಲೇರುತ್ತದೆ. ಬೆನ್ನು, ತೊಡೆಗಳಲ್ಲಿ ನೋವಿರಬಹುದು. ಮುಖದ ಸ್ನಾಯು ಸೋತು ಕಣ್ಣು ಪೂರ್ತಿ ಮುಚ್ಚದಿರಬಹುದು, ನುಂಗಲು ಕಷ್ಟವಾಗಬಹುದು. ಹೆಚ್ಚಿನವರಲ್ಲಿ ಎರಡು ವಾರಗಳೊಳಗೆ ರೋಗ ತುದಿ ಮುಟ್ಟುತ್ತದೆ. ಬುದ್ಧಿ, ಪ್ರಜ್ಞೆ ಚೆನ್ನಾಗಿಯೇ ಇರುತ್ತವೆ.

ಪಾರ್ಶ್ವವಾಯು ಹೀಗಲ್ಲ, ಅದು ಥಟ್ಟನೆ, ಬಹುತೇಕ ದೇಹದ ಒಂದೇ ಪಕ್ಕಕ್ಕೆ ಬರುತ್ತದೆ. ಸಕ್ಕರೆ ಕಾಯಿಲೆಯವರ ಪಾದದ ಉರಿ, ಜೋಮು ತಿಂಗಳು, ವರ್ಷಗಳ ಕಾಲ ಮೆಲ್ಲಗೆ ಬೆಳೆಯುತ್ತವೆ. ಮಯಸ್ತೀನಿಯಾ ಎಂಬ ಕಾಯಿಲೆಯಲ್ಲಿ ರೆಪ್ಪೆ ಜೋಲುತ್ತದೆ, ಒಂದು ವಸ್ತು ಎರಡಾಗಿ ಕಾಣುತ್ತದೆ. ದಣಿದಾಗ ಹೆಚ್ಚಾಗಿ, ವಿಶ್ರಾಂತಿಯಿಂದ ಕಡಿಮೆಯಾಗುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ಇಳಿದರೂ ಕೈಕಾಲು ಸೋಲುತ್ತವೆ. ನೆಲದ ಮೇಲೆ ಮಲಗಿದ್ದವರು ಬೆಳಗಿನ ಹೊತ್ತಿಗೆ ರೆಪ್ಪೆ ಎತ್ತಲಾರದೆ, ನುಂಗಲಾರದೆ ಇದ್ದರೆ ಕಟ್ಟುಹಾವು ಕಚ್ಚಿರಬಹುದು. ಅದರ ಗಾಯ ಕಣ್ಣಿಗೆ ಕಾಣದೆಯೂ ಇರಬಹುದು. ಇವುಗಳನ್ನು ಬೇರ್ಪಡಿಸುವುದು ವೈದ್ಯರ ಕೆಲಸ. ನಿಮ್ಮ ಕೆಲಸ ಬೇಗ ಕರೆದೊಯ್ಯುವುದು.

ವೈದ್ಯರು ಮೊಣಕಾಲಿಗೆ ಸುತ್ತಿಗೆ ತಟ್ಟಿ ನೋಡುತ್ತಾರೆ. ಜಿಬಿಎಸ್‌ನಲ್ಲಿ ಕಾಲು ಚಿಮ್ಮುವುದು ಸಾಮಾನ್ಯವಾಗಿ ನಿಂತಿರುತ್ತದೆ. ನರಗಳ ವಿದ್ಯುತ್ ಪರೀಕ್ಷೆ, ಬೆನ್ನಿನಿಂದ ನೀರು ತೆಗೆದು ಮಾಡುವ ಪರೀಕ್ಷೆ ನೆರವಾಗುತ್ತವೆ. ಬೆನ್ನಿನ ನೀರು ತೆಗೆದರೆ ಸೊಂಟ ಬಿದ್ದುಹೋಗುತ್ತದೆ ಎಂಬ ಭಯ ಬೇಡ. ಮೊದಲ ವಾರದಲ್ಲಿ ಈ ಪರೀಕ್ಷೆಗಳು ಸರಿಯಾಗಿಯೇ ಕಾಣಬಹುದು. ‘ರಿಪೋರ್ಟು ಚೆನ್ನಾಗಿದೆ’ ಎಂದು ಮನೆಗೆ ಮರಳಬೇಡಿ. 15 ವರ್ಷದೊಳಗಿನ ಮಕ್ಕಳಿಗೆ ಹೀಗಾದರೆ ಪೋಲಿಯೊ ಅಲ್ಲವೆಂದು ಖಚಿತಪಡಿಸಲು ಮಲದ ಮಾದರಿ ಕೇಳುತ್ತಾರೆ. ಅದಕ್ಕೆ ಸಹಕರಿಸಿ.

ಅಪಾಯ ಉಸಿರಾಟದಲ್ಲಿ

ರೋಗಿಗಳಲ್ಲಿ ಶೇಕಡ 20ರಿಂದ 30ರಷ್ಟು ಮಂದಿಗೆ ಉಸಿರಾಟದ ಸ್ನಾಯುಗಳೂ ಸೋತು ವೆಂಟಿಲೇಟರ್ ಬೇಕಾಗುತ್ತದೆ. ದಾರಿಯಲ್ಲಿ ರೋಗಿಗೆ ದೀರ್ಘ ಉಸಿರೆಳೆದು ಒಂದೇ ಉಸಿರಿನಲ್ಲಿ ಎಣಿಸಲು ಹೇಳಿ. 20 ಮುಟ್ಟದಿದ್ದರೆ ಅಪಾಯ ಹತ್ತಿರವಿದೆ ಎಂದರ್ಥ. ಮುಟ್ಟಿದರೂ ನಿರಾಳರಾಗಬೇಡಿ. ನುಂಗಲು ಕಷ್ಟವಿದ್ದರೆ ನೀರು, ಗಂಜಿ ಏನನ್ನೂ ಬಾಯಿಗೆ ಹಾಕಬೇಡಿ, ಶ್ವಾಸಕೋಶಕ್ಕೆ ಇಳಿಯಬಹುದು. ನಾಡಿ, ರಕ್ತದೊತ್ತಡ ಏರುಪೇರಾಗುವುದರಿಂದಲೂ ತೀವ್ರ ನಿಗಾ ಘಟಕವಿರುವ ಆಸ್ಪತ್ರೆಯೇ ಬೇಕು.

ಚಿಕಿತ್ಸೆ

ಎರಡು ಚಿಕಿತ್ಸೆಗಳಿವೆ. ಒಂದು, ಇಮ್ಯುನೊಗ್ಲೋಬ್ಯುಲಿನ್ ಔಷಧಿಯನ್ನು ಸಾಮಾನ್ಯವಾಗಿ ಐದು ದಿನ ರಕ್ತನಾಳಕ್ಕೆ ಕೊಡುವುದು. ಇನ್ನೊಂದು, ಯಂತ್ರದ ಮೂಲಕ ರಕ್ತದ ಪ್ಲಾಸ್ಮಾ ತೆಗೆದು ಬದಲಿ ದ್ರವ ತುಂಬುವುದು. ಮೊದಲನೆಯದರ ಖರ್ಚು ಲಕ್ಷಗಳಲ್ಲಿ. ಎರಡನೆಯದು ಸಾಮಾನ್ಯವಾಗಿ ಅಗ್ಗ. ಎರಡರ ಗುಣ ಸಮಾನವೆಂದು ಅಧ್ಯಯನಗಳು ತೋರಿಸಿವೆ. ಪ್ಲಾಸ್ಮಾ ಬದಲಾವಣೆ ಮಾಡಿಸಿದ ಕುಟುಂಬ ‘ದುಬಾರಿ ಔಷಧಿ ಕೊಡಿಸಲಾಗಲಿಲ್ಲ’ ಎಂದು ಕೊರಗಬೇಕಿಲ್ಲ. ಒಂದಾದ ಮೇಲೆ ಇನ್ನೊಂದನ್ನು ಮಾಡಿಸುವುದರಿಂದ ಹೆಚ್ಚಿನ ಲಾಭವೂ ಇಲ್ಲ. ಆದರೆ ಯಾವುದೇ ಆಗಲಿ, ಮೊದಲ ಎರಡು ವಾರದೊಳಗೆ ಆರಂಭವಾದರೆ ಒಳ್ಳೆಯದು. ಸ್ಟಿರಾಯ್ಡ್ ಮಾತ್ರೆಗಳಿಂದ ಈ ಕಾಯಿಲೆಗೆ ಪ್ರಯೋಜನವಿಲ್ಲ.

ವೆಂಟಿಲೇಟರಿನಲ್ಲಿರುವ ರೋಗಿ ಮಾತನಾಡಲಾರ, ಆದರೆ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾನೆ. ಹಾಸಿಗೆಯ ಪಕ್ಕದಲ್ಲಿ ಖರ್ಚಿನ ಲೆಕ್ಕ ಹಾಕಬೇಡಿ, ಅಳಬೇಡಿ. ‘ಹೌದು’ ಎಂದರೆ ಒಮ್ಮೆ, ‘ಅಲ್ಲ’ ಎಂದರೆ ಎರಡು ಬಾರಿ ಕಣ್ಣು ಮಿಟುಕಿಸಲು ಹೇಳಿಕೊಟ್ಟು ಮಾತಾಡಿಸಿ. ಮಗ್ಗುಲು ಬದಲಿಸುವುದು, ಕೀಲುಗಳನ್ನು ಆಡಿಸುವುದನ್ನು ದಾದಿಯರಿಂದ, ಫಿಸಿಯೊಥೆರಪಿಯವರಿಂದ ಕಲಿಯಿರಿ.

ಚೇತರಿಕೆಗೆ ತಿಂಗಳುಗಳು ಬೇಕು. ಆದರೂ ಆರು ತಿಂಗಳ ವೇಳೆಗೆ ನೂರರಲ್ಲಿ ಸುಮಾರು 80 ಮಂದಿ ಯಾರ ಆಸರೆಯೂ ಇಲ್ಲದೆ ನಡೆಯುತ್ತಾರೆ. ದಣಿವು ಮಾತ್ರ ಬಹುಕಾಲ ಉಳಿಯಬಹುದು. ಅದನ್ನು ಸೋಮಾರಿತನ ಎನ್ನಬೇಡಿ.

ನೆನಪಿಡಿ

* ಎರಡೂ ಕಾಲುಗಳ ನಿಶ್ಶಕ್ತಿ ದಿನದಿಂದ ದಿನಕ್ಕೆ ಹೆಚ್ಚುತ್ತಿದ್ದರೆ ಅಂದೇ 108ಕ್ಕೆ ಕರೆಮಾಡಿ ಜಿಲ್ಲಾಸ್ಪತ್ರೆ ಅಥವಾ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗಿ. ಬೆಂಗಳೂರಿನವರಿಗೆ ನಿಮ್ಹಾನ್ಸ್ ಇದೆ.
* ಇತ್ತೀಚೆಗೆ ಭೇದಿ, ಜ್ವರ ಬಂದಿದ್ದರೆ ವೈದ್ಯರಿಗೆ ತಪ್ಪದೆ ತಿಳಿಸಿ.
* ಪಡಿತರ ಚೀಟಿ, ಆಧಾರ್ ಜೊತೆಗಿರಲಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯ ನೆರವನ್ನು ಮೊದಲ ದಿನವೇ ವಿಚಾರಿಸಿ.
* ಕುದಿಸಿ ಆರಿಸಿದ ನೀರು ಕುಡಿಯಿರಿ, ಮಾಂಸವನ್ನು ಪೂರ್ತಿ ಬೇಯಿಸಿ, ಊಟಕ್ಕೆ ಮುನ್ನ ಸೋಪಿನಿಂದ ಕೈ ತೊಳೆಯಿರಿ.