ಶಾಂತಸಾಗರದ ದೀರ್ಘಾಂದೋಲನ

ಸ್ಯಾಮನ್ ಎಂಬ ಮೀನು ನದಿಯ ಸಿಹಿನೀರಿನಲ್ಲಿ ಹುಟ್ಟಿ, ಕಡಲಿನಲ್ಲಿ ಬೆಳೆದು, ಮೊಟ್ಟೆಯಿಡುವುದಕ್ಕಾಗಿ ಹುಟ್ಟಿದ ನದಿಗೇ ಹಿಂದಿರುಗುತ್ತದೆ. ಉತ್ತರ ಅಮೆರಿಕದ ಪಶ್ಚಿಮ ತೀರದಲ್ಲಿ ಅನೇಕ ಬೆಸ್ತರ ಜೀವನೋಪಾಯವೇ ಈ ಮೀನು. 1977ರ ತರುವಾಯ ಅಲಾಸ್ಕದ ಬೆಸ್ತರ ಬಲೆಗಳು ತುಂಬತೊಡಗಿದುವು. ಅದೇ ಕಾಲದಲ್ಲಿ ದಕ್ಷಿಣದ ವಾಷಿಂಗ್‌ಟನ್, ಆರಿಗನ್ ತೀರಗಳಲ್ಲಿ ಮೀನು ವಿರಳವಾಯಿತು. ಅದಕ್ಕೂ ಹಿಂದಿನ ಸುಮಾರು ಮೂವತ್ತು ವರ್ಷ ಸ್ಥಿತಿಯು ಇದಕ್ಕೆ ವಿರುದ್ಧವಾಗಿದ್ದಿತು. ಒಬ್ಬರ ಸುಗ್ಗಿ ಮತ್ತೊಬ್ಬರ ಬರವಾಗಲು ಕಾರಣವೇನು?

ಈ ಪ್ರಶ್ನೆಯನ್ನು ಬೆನ್ನಟ್ಟಿದ ಮೀನುಗಾರಿಕೆಯ ವಿಜ್ಞಾನಿ ಸ್ಟೀವನ್ ಹೇರ್, ಅದರ ಹಿಂದಿರುವ ಕಡಲಿನ ಏರಿಳಿತಕ್ಕೆ 1996ರಲ್ಲಿ ‘ಶಾಂತಸಾಗರದ ದಶಕಾಂದೋಲನ’ವೆಂದು ಹೆಸರಿಟ್ಟರು. ಇದರ ಉಷ್ಣದಶೆಯಲ್ಲಿ ಅಮೆರಿಕದ ತೀರದುದ್ದಕ್ಕೂ ನೀರು ಬೆಚ್ಚಗಾಗುತ್ತದೆ, ಉತ್ತರ ಶಾಂತಸಾಗರದ ನಡುಭಾಗ ತಣ್ಣಗಾಗುತ್ತದೆ, ಶೀತದಶೆಯಲ್ಲಿ ಅದಲುಬದಲು. 1925ರಿಂದ 1946ರವರೆಗೆ ಉಷ್ಣದಶೆ, 1947ರಿಂದ 1976ರವರೆಗೆ ಶೀತದಶೆ, ಅಲ್ಲಿಂದಾಚೆಗೆ 1990ರ ದಶಕದ ಕೊನೆಯವರೆಗೆ ಬಹುಮಟ್ಟಿಗೆ ಪುನಃ ಉಷ್ಣದಶೆ. ಬೆಚ್ಚಗಾದ ನೀರು ಹಗುರವಾದುದರಿಂದ ಮೇಲೆಯೇ ನಿಲ್ಲುತ್ತದೆ. ಆಗ ಆರಿಗನ್ನಿನ ತೀರದಲ್ಲಿ ಆಳದ ಪೋಷಕ ಲವಣಗಳು ಮೇಲೇರುವುದು ತಗ್ಗಿ, ಎಳೆಯ ಮೀನುಗಳಿಗೆ ಆಹಾರ ಸಾಲದೆ ಹೋಗುತ್ತದೆ.

ಗಾಳಿಯ ಸ್ಥಿತಿ ವಾರದೊಳಗೆ ಬದಲಾಗುತ್ತದೆ. ಕಡಲಿನದು ವರ್ಷಗಟ್ಟಲೆ ನಿಲ್ಲುವುದೇಕೆ? ಮೇಲಿನ ಸುಮಾರು ಎರಡೂವರೆ ಮೀಟರು ಸಮುದ್ರಜಲವೊಂದೇ ತನ್ನ ಮೇಲಿರುವ ಇಡೀ ವಾಯುಮಂಡಲದಷ್ಟು ಶಾಖವನ್ನು ಹಿಡಿದಿಡಬಲ್ಲುದು. ಚಳಿಗಾಲದ ಬಿರುಗಾಳಿಗಳಾದರೋ ಸುಮಾರು 100 ಮೀಟರು ಆಳದವರೆಗೆ ನೀರನ್ನು ಕಲಕುತ್ತವೆ. ಬೇಸಗೆಯಲ್ಲಿ ಬೆಚ್ಚನೆಯ ತೆಳುಪದರವೊಂದು ಮೇಲೆ ಹಾಸಿಕೊಳ್ಳುವುದರಿಂದ ಚಳಿಗಾಲದ ತಂಪು ಅದರಡಿಯಲ್ಲಿ ಅಡಗಿದ್ದು, ಮುಂದಿನ ಚಳಿಗಾಲದ ಕಲಕಾಟದಲ್ಲಿ ಪುನಃ ಮೇಲೆ ಬರುತ್ತದೆ. ದಿನದಿನದ ಹವೆಯ ಕ್ರಮವಿಲ್ಲದ ಹೊಡೆತಗಳೇ ಕಡಲಿನಲ್ಲಿ ಕೂಡಿಕೊಂಡು ನಿಧಾನವಾದ ಏರಿಳಿತಗಳಾಗಬಲ್ಲುವೆಂಬುದನ್ನು ಕ್ಲಾಸ್ ಹ್ಯಾಸಲ್‌ಮನ್ 1976ರಲ್ಲಿ ಗಣಿತದ ಮೂಲಕ ತೋರಿಸಿಕೊಟ್ಟರು; 2021ರ ಭೌತವಿಜ್ಞಾನದ ನೊಬೆಲ್ ಬಹುಮಾನದಲ್ಲಿ ಅವರಿಗೂ ಪಾಲು ದೊರೆಯಿತು. ಆದಕಾರಣ ವಿದ್ಯಾರ್ಥಿಗಳು ಇದನ್ನು ‘ಚಕ್ರ’ವೆಂದು ಕರೆಯುವಾಗ ಎಚ್ಚರದಿಂದಿರಬೇಕು. ಗಡಿಯಾರದ ಲೋಲಕಕ್ಕಿರುವಂತಹ ನಿಯತಾವಧಿ ಇದಕ್ಕಿಲ್ಲ.

ಭೂಮಿ ಬಿಸಿಯೇರುತ್ತಿರುವುದೂ ಇಂತಹುದೇ ಒಂದು ಸಹಜ ಏರಿಳಿತವೆಂದು ವಾದಿಸುವವರುಂಟು. ಈ ವಾದ ನಿಲ್ಲಲಾರದು. ಆಂದೋಲನವು ಮುಖ್ಯವಾಗಿ ಶಾಖದ ಹಂಚಿಕೆಯನ್ನು ಬದಲಿಸುತ್ತದೆ. ಆದರೆ ದಶಕಗಳಿಂದ ಕಡಲುಗಳ ಒಟ್ಟು ಶಾಖವೇ ಹೆಚ್ಚುತ್ತ ಬಂದಿದೆ. 2020ರಿಂದ 2024ರವರೆಗೆ ಶಾಂತಸಾಗರವು ಶೀತದಶೆಯಲ್ಲಿದ್ದಿತು. ಹಾಗಿದ್ದರೂ, ಅಳತೆಗಳು ಮೊದಲಾದಂದಿನಿಂದ ಅಲ್ಲಿಯವರೆಗಿನ ವರ್ಷಗಳಲ್ಲೆಲ್ಲ 2024ನೆಯ ವರ್ಷವೇ ಅತ್ಯಂತ ಬಿಸಿಯಾದುದಾಯಿತು.