ಹಳೆಯ ಕಾರಿನ ‘ಅರ್ಥ್’ ಮತ್ತು ಚಾರ್ಜು: ದೋಷ ಹುಡುಕುವ ಕ್ರಮ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೆಂಬ ಗಾದೆ ನಮ್ಮಲ್ಲಿದೆ. ಹಳೆಯ ಕಾರುಗಳ ವಿಷಯದಲ್ಲಿ ಇದು ಎಷ್ಟೋ ಸಲ ನಿಜವಾಗುತ್ತದೆ. ಮುಂಜಾನೆ ಸೆಲ್ಫ್ ತಿರುಗದಿದ್ದರೆ ಎಲ್ಲರೂ ಬೈಯುವುದು ಬ್ಯಾಟರಿಯನ್ನು. ಸಾಲ ಮಾಡಿ ಹೊಸದನ್ನು ತಂದು ಹಾಕಿದರೂ ಎಂಟು ದಿನಗಳಲ್ಲಿ ಮತ್ತೆ ಅದೇ ಪಾಡು. ಗಾಡಿಯ ದುಡಿಮೆಯನ್ನೇ ನಂಬಿದವನಿಗೆ ಇದು ಸಣ್ಣ ನಷ್ಟವಲ್ಲ.

ನಮ್ಮ ಘಾಟ್ಕೋಪರಿನ ನೆರೆಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಾರ್ಖಾನೆಯಿತ್ತು. ಅಲ್ಲಿ ತಯಾರಾದ ಫಿಯೆಟ್ 1100 ಕಾರು 1970ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿಯೆಂಬ ಹೆಸರು ಪಡೆದು, ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಯಾಗಿ ಮನೆಮಾತಾಯಿತು. ಇಪ್ಪತ್ತು ವರ್ಷಗಳ ವಯೋಮಿತಿ ಮುಗಿದುದರಿಂದ 2023ರ ಅಕ್ಟೋಬರ್ 30ರಿಂದ ಅದು ಇಲ್ಲಿ ಟ್ಯಾಕ್ಸಿಯಾಗಿ ಓಡುವುದು ನಿಂತಿತು. ಆದರೂ ಅಕ್ಕರೆಯಿಂದ ಹಳೆಯ ಗಾಡಿ ಇಟ್ಟುಕೊಂಡವರು ಇದ್ದಾರೆ; ಅದನ್ನು ಬಲ್ಲ ಕೈಗೆ ಕೆಲಸವೂ ಇದೆ.

ಅರ್ಥ್ ಎಂದರೇನು?

ಲೋಕಲ್ ರೈಲಿಗೆ ಮೇಲಿನ ತಂತಿಯಿಂದ ಬಂದ ವಿದ್ಯುತ್ತು ಹಳಿಯ ಮೂಲಕ ಮರಳುತ್ತದೆ. ಕಾರಿನಲ್ಲಿಯೂ ಹಾಗೆಯೇ. ದೀಪಕ್ಕೆ ಹೋಗುವುದು ಒಂದೇ ತಂತಿ. ಮರಳುವ ದಾರಿ ಗಾಡಿಯ ಕಬ್ಬಿಣದ ಮೈ. ಇದಕ್ಕೇ ಅರ್ಥ್ ಎನ್ನುತ್ತಾರೆ. ಇಂಜಿನ್ ರಬ್ಬರಿನ ಮೇಲೆ ಕುಳಿತಿರುವುದರಿಂದ ಅದಕ್ಕೂ ಮೈಗೂ ತಾಮ್ರದ ಹೆಣೆದ ಪಟ್ಟಿಯೊಂದನ್ನು ಕಟ್ಟಿರುತ್ತಾರೆ. ಮಳೆಯ ನೀರು, ಕಡಲ ಉಪ್ಪುಗಾಳಿ ಸೇರಿ ಆ ಪಟ್ಟಿಯ ಬೋಲ್ಟಿನಡಿ ತುಕ್ಕು ಹಿಡಿದಾಗ ತೊಂದರೆ ಆರಂಭ.

ಲೆಕ್ಕ ನೋಡಿ. ಸೆಲ್ಫ್ ಸುಮಾರು 150 ಆಂಪಿಯರ್ ಎಳೆಯುತ್ತದೆಯೆನ್ನೋಣ. ತುಕ್ಕಿನ ತಡೆ ಓಮಿನ ನೂರನೆಯ ಒಂದು ಪಾಲಷ್ಟಿದ್ದರೂ 150 × 0.01 = 1.5 ವೋಲ್ಟು ಅಲ್ಲಿಯೇ ಸೋರಿಹೋಯಿತು. 2 ಆಂಪಿಯರಿನ ದೀಪವೊಂದಕ್ಕೆ ಅದೇ ತಡೆಯಲ್ಲಿ ನಷ್ಟ ಕೇವಲ 0.02 ವೋಲ್ಟು. ಆದುದರಿಂದಲೇ ದೀಪ ಚೆನ್ನಾಗಿ ಉರಿದರೂ ಸೆಲ್ಫ್ ನರಳುತ್ತದೆ. ಸೆಲ್ಫ್ ಒತ್ತಿದಾಗ ಚೋಕಿನ ಅಥವಾ ಆಕ್ಸಿಲರೇಟರಿನ ಕೇಬಲ್ ಬಿಸಿಯಾದರೆ ಸಂಶಯವೇ ಬೇಡ: ಸರಿಯಾದ ದಾರಿ ಸಿಗದ ವಿದ್ಯುತ್ತು ಅದರ ಮೂಲಕ ಹರಿಯುತ್ತಿದೆ.

ಪರೀಕ್ಷೆಯ ಕ್ರಮ

ಒಂದು ಸಾಧಾರಣ ಮಲ್ಟಿಮೀಟರ್ ಸಾಕು. ಅದನ್ನು 20 ವೋಲ್ಟು ಡಿ.ಸಿ.ಗೆ ತಿರುಗಿಸಿ.

1. ರಾತ್ರಿಯೆಲ್ಲ ನಿಂತ ಗಾಡಿಯ ಬ್ಯಾಟರಿ ಅಳೆಯಿರಿ. 12.6 ವೋಲ್ಟು ಇದ್ದರೆ ತುಂಬಿದೆ, 12.0ಕ್ಕೆ ಬಂದಿದ್ದರೆ ಬಹುಪಾಲು ಇಳಿದಿದೆ.

2. ಗೇರು ನ್ಯೂಟ್ರಲಿನಲ್ಲಿರಲಿ, ಹ್ಯಾಂಡ್ ಬ್ರೇಕ್ ಎಳೆಯಿರಿ. ಇಂಜಿನ್ ಹತ್ತದಂತೆ ಇಗ್ನಿಷನ್ ಕಾಯಿಲಿಗೆ ಬರುವ ಸಣ್ಣ ತಂತಿಯನ್ನು ಬಿಚ್ಚಿ, ಅದರ ತುದಿ ಮೈಗೆ ತಾಗದಂತಿಡಿ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಅರ್ಥ್ ಕಂಬದ ಮೇಲೆ (ಕ್ಲ್ಯಾಂಪಿನ ಮೇಲಲ್ಲ), ಇನ್ನೊಂದು ಇಂಜಿನಿನ ಬರಿಯ ಲೋಹದ ಮೇಲೆ. ಜೊತೆಗಾರರು ಸೆಲ್ಫ್ ಒತ್ತಲಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥ್ ಕೆಟ್ಟಿದೆ. ಪಟ್ಟಿ ಬಿಚ್ಚಿ, ಎರಡೂ ತುದಿಗಳನ್ನು ಮರಳು ಕಾಗದದಿಂದ ಹೊಳೆಯುವಂತೆ ಉಜ್ಜಿ, ಬಿಗಿಯಾಗಿ ಕಟ್ಟಿ, ಮೇಲೆ ವ್ಯಾಸಲೀನ್ ಸವರಿ. ಮತ್ತೆ ಅಳೆಯಿರಿ.

3. ಕಾಯಿಲಿನ ತಂತಿ ಮತ್ತೆ ಜೋಡಿಸಿ, ಇಂಜಿನ್ ಚುರುಕಾಗಿ ಓಡಿಸಿ, ಬ್ಯಾಟರಿಯ ಎರಡು ಕಂಬಗಳ ನಡುವೆ ಅಳೆಯಿರಿ. ಸುಮಾರು 14 ವೋಲ್ಟು ಬರಬೇಕು. ಏರದಿದ್ದರೆ ಮೊದಲು ಫ್ಯಾನ್ ಬೆಲ್ಟ್ ಸಡಿಲವೇ ನೋಡಿ. ಆಮೇಲೆ ಡೈನಮೋದ ಕಾರ್ಬನ್ ಬ್ರಷ್ಷು. ಬಳಿಕ ಕಟ್‌ಔಟ್ ಪೆಟ್ಟಿಗೆಯ ಅರ್ಥ್ ತಂತಿ. 15 ದಾಟಿದರೆ ರೆಗ್ಯುಲೇಟರ್ ತಪ್ಪಿದೆ; ಬ್ಯಾಟರಿಯ ನೀರು ಬೇಗ ಬತ್ತುತ್ತದೆ. ಡೈನಮೋ ಇರುವ ಗಾಡಿ ನಿಧಾನ ಓಟದಲ್ಲಿದ್ದಾಗ ಕೆಂಪು ದೀಪ ಮಿನುಗಿದರೆ ಅದು ದೋಷವಲ್ಲ. ವೇಗ ಕೊಟ್ಟಾಗಲೂ ಆರದಿದ್ದರೆ ದೋಷ.

ಎಚ್ಚರಿಕೆ

ಬಿಚ್ಚುವಾಗ ಅರ್ಥ್ ಕ್ಲ್ಯಾಂಪು ಮೊದಲು, ಕಟ್ಟುವಾಗ ಅದೇ ಕೊನೆಗೆ. ಆಗ ಪಾನಾ ಮೈಗೆ ತಾಗಿದರೂ ಕಿಡಿ ಹಾರದು. ಚಾರ್ಜಾಗುವ ಬ್ಯಾಟರಿಯಿಂದ ಜಲಜನಕ ಅನಿಲ ಏಳುತ್ತದೆ. ಹತ್ತಿರ ಬೀಡಿ ಬೇಡ. ಕೆಲವು ಹಳೆಯ ಬ್ರಿಟಿಷ್ ಕಾರುಗಳಲ್ಲಿ ಧನ ಕಂಬವೇ ಅರ್ಥ್ ಆಗಿರುತ್ತದೆ; ಬ್ಯಾಟರಿ ಬದಲಿಸುವ ಮುನ್ನ ಗಮನಿಸಿ. ಆಲ್ಟರ್ನೇಟರ್ ಇರುವ ಗಾಡಿಯಲ್ಲಿ ಇಂಜಿನ್ ಓಡುತ್ತಿರುವಾಗ ಬ್ಯಾಟರಿಯ ತಂತಿ ಕಳಚಬಾರದು. ಅದರ ಡಯೋಡುಗಳು ಸುಟ್ಟಾವು.

ಮೊದಲು ಅಳತೆ, ಆಮೇಲೆ ಉಜ್ಜುವಿಕೆ, ಕೊನೆಗೆ ಖರೀದಿ. ಈ ಕ್ರಮ ತಪ್ಪದಿದ್ದರೆ ಎಷ್ಟೋ ಸಲ ಒಂದು ತುಂಡು ಮರಳು ಕಾಗದವೇ ಹೊಸ ಬ್ಯಾಟರಿಯ ಹಣವನ್ನು ಉಳಿಸಿಕೊಡುತ್ತದೆ. ಆ ಹಣ ಊರಿಗೆ ಕಳಿಸುವುದಕ್ಕಾದರೂ ಆದೀತು.